ಎಪಿಐ ಬಿದ್ದಾಗ ಹಳೇ ಡೇಟಾ ಕೊಡೋದು: ನನ್ನ ಅನುಭವ

ನಮ್ಮ ಆಪ್ ಕರೆನ್ಸಿ ವಿನಿಮಯ ದರಗಳನ್ನು ಬೇರೊಂದು ಕಂಪನಿಯ ಎಪಿಐನಿಂದ (ಒಂದು ಪ್ರೋಗ್ರಾಂ ಇನ್ನೊಂದರಿಂದ ಡೇಟಾ ಕೇಳುವ ದಾರಿ) ತರುತ್ತದೆ. ತಂದದ್ದನ್ನು ರೆಡಿಸ್ ಅನ್ನೋ ಮೆಮೊರಿ ಡೇಟಾಬೇಸ್‌ನಲ್ಲಿ ಒಂದು ಕೀ, ಅಂದರೆ ಹೆಸರು, ಕೊಟ್ಟು 5 ನಿಮಿಷ ಇಡುತ್ತಿದ್ದೆವು. ಆ ಎಪಿಐ ಆಗಾಗ ಕೈಕೊಡುತ್ತಿತ್ತು. ಅವಧಿ ಮುಗಿದ ಕೀಯನ್ನು ರೆಡಿಸ್ ಅಳಿಸಿಬಿಡುತ್ತದೆ. ಆಮೇಲೆ ತೋರಿಸೋಕೆ ಹೊಸ ದರವೂ ಇಲ್ಲ, ಹಳೇ ದರವೂ ಇಲ್ಲ. 6 ನಿಮಿಷ ಹಳೆಯ ದರಕ್ಕಿಂತ ಖಾಲಿ ಸ್ಕ್ರೀನ್ ವಾಸಿನಾ?

ಹಾಗಾಗಿ ಅವಧಿ ಮುಗಿಯೋದು ಬೇರೆ, ಅಳಿಸೋದು ಬೇರೆ ಅಂತ ಮಾಡಿದೆ. ರೆಡಿಸ್‌ನಲ್ಲಿ ಕೀಯ ಆಯಸ್ಸನ್ನು 24 ಗಂಟೆಗೆ ಏರಿಸಿದೆ. ದರದ ಜೊತೆಗೇ ಅದನ್ನು ತಂದ ಸಮಯವನ್ನೂ ಬರೆದಿಟ್ಟೆ. ತಾಜಾ ಹೌದೋ ಅಲ್ಲವೋ ಅಂತ ಈಗ ನಮ್ಮ ಕೋಡೇ ಲೆಕ್ಕ ಹಾಕುತ್ತದೆ. 5 ನಿಮಿಷದೊಳಗಿದ್ದರೆ ನೇರವಾಗಿ ಕೊಡುತ್ತದೆ. ದಾಟಿದ್ದರೆ ಎಪಿಐ ಕೇಳುತ್ತದೆ, 2 ಸೆಕೆಂಡಲ್ಲಿ ಉತ್ತರ ಬರದಿದ್ದರೆ ಹಳೆಯದನ್ನೇ ಕೊಡುತ್ತದೆ. ಇದೇನೂ ನನ್ನ ತಲೆಯಿಂದ ಬಂದದ್ದಲ್ಲ. ವೆಬ್ ಪುಟಗಳನ್ನು ತರುವ ಎಚ್‌ಟಿಟಿಪಿಗೆ ‘ಸ್ಟೇಲ್-ಇಫ್-ಎರರ್’ (ಎರರ್ ಬಂದರೆ ಹಳೆಯದನ್ನೇ ಕೊಡು) 2010ರ ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ) 5861ರಲ್ಲೇ ಇದೆ. ವೆಬ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗೆ ಇದೇ ವಿಚಾರ 2020ರ ಆರ್‌ಎಫ್‌ಸಿ 8767ರಲ್ಲಿ ಬಂತು.

ಇಷ್ಟಕ್ಕೇ ಬಿಟ್ಟರೆ ಇನ್ನೊಂದು ತಲೆನೋವು. ಎಪಿಐ ಬಿದ್ದಿರುವಷ್ಟು ಹೊತ್ತೂ ಪ್ರತಿ ರಿಕ್ವೆಸ್ಟ್ 2 ಸೆಕೆಂಡ್ ಸುಮ್ನೆ ಕಾಯುತ್ತೆ. ಅದಕ್ಕೆ ಒಮ್ಮೆ ಫೇಲ್ ಆದರೆ ಮುಂದಿನ 30 ಸೆಕೆಂಡ್ ಯಾರೂ ಆ ಕಡೆ ಹೋಗದ ಹಾಗೆ ಒಂದು ಗುರುತು ಇಟ್ಟೆ. 30 ಅನ್ನೋ ಲೆಕ್ಕ ಆರ್‌ಎಫ್‌ಸಿ 8767ರದ್ದೇ: ಉತ್ತರ ಕೊಡದ ಸರ್ವರನ್ನು ಅದಕ್ಕಿಂತ ಬೇಗ ಮತ್ತೆ ಕೇಳಬೇಡಿ ಅನ್ನುತ್ತದೆ. ಜೊತೆಗೆ ಒಂದು ಲಾಕ್. ಅವಧಿ ಮುಗಿದ ದರವನ್ನು ಒಬ್ಬರು ತರಲು ಹೋಗಿದ್ದರೆ ಉಳಿದವರಿಗೆ ಹಳೆಯದೇ ಸಿಗುತ್ತದೆ. ಇಲ್ಲದಿದ್ದರೆ ಈಗಷ್ಟೇ ಎದ್ದ ಸರ್ವರ್ ಮೇಲೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ, ಅದು ಮತ್ತೆ ಮಲಗುತ್ತದೆ.

ಯಾವುದನ್ನು ‘ಫೇಲ್’ ಅನ್ನಬೇಕು? ಜಾಸ್ತಿ ಹೊತ್ತು ಹಿಡಿದದ್ದು ಇದೇ. ಟೈಮ್‌ಔಟ್ ಆದರೆ, ಅಥವಾ ಸರ್ವರ್ ಕಡೆಯೇ ತೊಂದರೆ ಅನ್ನೋ 500, 502, 503, 504 ಸ್ಟೇಟಸ್ ಕೋಡ್ ಬಂದರೆ ಹಳೆಯದನ್ನು ಕೊಡಬಹುದು. 404 (ಕೇಳಿದ್ದು ಇಲ್ಲಿಲ್ಲ) ಹಾಗಲ್ಲ. ಅದು ಸರ್ವರ್ ಎಚ್ಚರವಾಗಿದ್ದೇ ಕೊಟ್ಟ ಉತ್ತರ. ಆ ಕರೆನ್ಸಿಯನ್ನೇ ಅವರು ತೆಗೆದಿರಬಹುದು, ಹಳೇ ದರ ಕೊಟ್ಟರೆ ತಪ್ಪಾಗುತ್ತದೆ. 401 ಬಂದರೆ ನಾವು ಯಾರು ಅಂತ ತೋರಿಸುವ ಎಪಿಐ ಕೀಯಲ್ಲೇ ಏನೋ ಎಡವಟ್ಟಾಗಿದೆ ಅಂತ ಅರ್ಥ. ಅದಕ್ಕೆ ಅಲಾರಂ ಹೊಡೀಬೇಕು.

ಎಲ್ಲಕ್ಕಿಂತ ಕಿತಾಪತಿಯದು 200, ಅಂದರೆ ‘ಎಲ್ಲಾ ಸರಿ’ ಅನ್ನೋ ಕೋಡ್. ಈ ಎಪಿಐ ರಿಪೇರಿಯಲ್ಲಿದ್ದಾಗ 200 ಸ್ಟೇಟಸ್ ಹಾಕಿ, ಕೋಡ್‌ಗೆ ಓದಲು ಬರುವ ಜೇಸನ್ ಡೇಟಾ ಬದಲು ‘ಸ್ವಲ್ಪ ಹೊತ್ತು ಬಿಟ್ಟು ಬನ್ನಿ’ ಅನ್ನೋ ಎಚ್‌ಟಿಎಂಎಲ್ ಪುಟ ಕಳಿಸುತ್ತದೆ. ಅದನ್ನು ಹಾಗೇ ಸೇವ್ ಮಾಡಿದರೆ ಕೈಲಿದ್ದ ಒಳ್ಳೆ ದರವೂ ಹೋಯಿತು. ಹಾಗಾಗಿ ಬಂದದ್ದು ಜೇಸನ್ ಆಗಿ ಸರಿಯಾಗಿ ಓದಲು ಬಂದು (ಪಾರ್ಸ್ ಆಗಿ), ದರ ಸೊನ್ನೆಗಿಂತ ಜಾಸ್ತಿ ಇದ್ದರೆ ಮಾತ್ರ ಹಳೆಯದರ ಮೇಲೆ ಬರೆಯುತ್ತೇನೆ.

ಎಲ್ಲಾ ಡೇಟಾಗೂ ಈ ಉಪಾಯ ಸಲ್ಲದು. ಖಾತೆಯ ಬ್ಯಾಲೆನ್ಸ್, ಯಾರಿಗೆ ಯಾವ ಪರ್ಮಿಷನ್ ಇದೆ ಅನ್ನೋದು, ಇವಕ್ಕೆ ನೇರವಾಗಿ ಎರರ್ ತೋರಿಸುತ್ತೇವೆ. ದರದ ವಿಷಯದಲ್ಲೂ ಅಷ್ಟೇ, ನೋಡೋಕೆ ಹಳೇ ದರ ಸಾಕು, ಹಣ ಕಳಿಸುವ ಬಟನ್ ಮಾತ್ರ ಆಗ ಆಫ್ ಇರುತ್ತದೆ. ದರದ ಕೆಳಗೆ ‘40 ನಿಮಿಷ ಹಿಂದಿನದು’ ಅಂತ ಬರೆದೂ ಇರುತ್ತದೆ.

ಟೆಸ್ಟ್ ಮಾಡುವವರಿಗೆ ಒಂದು ಮಾತು. ಫೈರ್‌ವಾಲ್‌ನಲ್ಲಿ ಎಪಿಐ ವಿಳಾಸಕ್ಕೆ ರಿಜೆಕ್ಟ್ ಹಾಕಿದರೆ ಕನೆಕ್ಷನ್ ತಕ್ಷಣ ಮುರಿಯುತ್ತದೆ, ಎಲ್ಲಾ ಚೆನ್ನಾಗಿದೆ ಅನ್ನಿಸುತ್ತದೆ. ಡ್ರಾಪ್ ಹಾಕಿ ನೋಡಿ. ಪ್ಯಾಕೆಟ್ ಹೋಗುತ್ತದೆ, ಉತ್ತರವೇ ಬರೋದಿಲ್ಲ. ನಿಮ್ಮ ಟೈಮ್‌ಔಟ್ ನಿಜವಾಗಿ ಕೆಲಸ ಮಾಡುತ್ತಾ ಅಂತ ಗೊತ್ತಾಗೋದು ಆಗಲೇ.