ಕರೆಂಟ್ ಹೋದಾಗ ಒಲೆ ಸ್ವಿಚ್ ಆಫ್ ಮಾಡಿದ್ರಾ?

ಮಳೆಗಾಲದಲ್ಲಿ ಮಡಿಕೇರಿ ಕಡೆ ಆಫೀಸಲ್ಲಿ ಕೂತ್ರೆ ಹನ್ನೊಂದು ಗಂಟೆಗೆಲ್ಲ ಕೈಬೆರಳು ಮರಗಟ್ಟಿರತ್ತೆ, ಆಗ ಯಾರಾದ್ರೂ ಒಬ್ರು ಎದ್ದು ಕೆಟಲ್ ಆನ್ ಮಾಡೇ ಮಾಡ್ತಾರೆ, ಅದು ಬೇಡ ಅನ್ನೋಕೆ ನಾನಂತೂ ತಯಾರಿಲ್ಲ. ಆದ್ರೆ ಒಂದು ಜುಲೈನಲ್ಲಿ ನಮ್ಮಲ್ಲೇನಾಯ್ತು ಅಂದ್ರೆ, ಕಾಯಿಲ್ ಒಲೆ ಮೇಲೆ ಹಾಲಿಟ್ಟಾಗ ಕರೆಂಟ್ ಹೋಯ್ತು, ಕಾಯ್ದು ಕಾಯ್ದು ಎಲ್ರೂ ಮನೆಗೆ ಹೋದ್ವಿ, ಸ್ವಿಚ್ ಹಂಗೇ ಆನ್ ಇತ್ತು. ರಾತ್ರಿ ಕರೆಂಟ್ ಬಂತು. ವಾಚ್‌ಮನ್‌ಗೆ ಸೀದ ವಾಸನೆ ಬಂದಿದ್ದಕ್ಕೆ ಪಾತ್ರೆ ಮಾತ್ರ ಹೋಯ್ತು, ಪಕ್ಕದಲ್ಲಿದ್ದ ಫೈಲ್ ರಾಶಿ ಉಳೀತು.

ಹಂಗಾಗಿ ಮೊದಲನೇ ಕೆಲಸ ಇದೇ: ಕರೆಂಟ್ ಹೋದ ತಕ್ಷಣ ಬಿಸಿ ಮಾಡೋ ಸಾಮಾನಿನ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತುಬಿಡಿ. ಇಂಡಕ್ಷನ್ ಒಲೆ ಸಾಮಾನ್ಯವಾಗಿ ಕರೆಂಟ್ ಬಂದ ಮೇಲೆ ತಾನಾಗೇ ಶುರುವಾಗಲ್ಲ, ಬಟನ್ ಒತ್ತಬೇಕು. ಕಾಯಿಲ್ ಒಲೆ, ನೀರು ಕಾಯ್ಸೋ ರಾಡ್ ಹಂಗಲ್ಲ, ಅವಕ್ಕೆ ಕರೆಂಟ್ ಬಂದ್ರೆ ಸಾಕು. ರಾಡ್ ಅಂತೂ ನೀರಿಲ್ದೆ ಒಣಗಿದ್ರೆ ಕೆಂಪಗಾಗಿ ಬಕೆಟನ್ನೇ ಕರಗಿಸತ್ತೆ, ಆಫೀಸಿಗೆ ಅದು ಬೇಡವೇ ಬೇಡ.

ಎರಡನೇದು ಪಾಯಿಂಟ್ ನೋಡೋದು, ಇಲ್ಲೇ ಎಲ್ರೂ ಎಡವೋದು. ಸಾಮಾನಿನ ತಳದಲ್ಲಿ ವ್ಯಾಟ್ ಬರೆದಿರತ್ತೆ, ಅದನ್ನ 230ರಿಂದ ಭಾಗಿಸಿ, ಎಷ್ಟು ಆಂಪ್ಸ್ ಅಂತ ಗೊತ್ತಾಗತ್ತೆ. 1500 ವ್ಯಾಟಿನ ಕೆಟಲ್ ಸುಮಾರು 6.5 ಆಂಪ್ಸ್ ಎಳೆಯತ್ತೆ, 2000 ವ್ಯಾಟಿನ ಇಂಡಕ್ಷನ್ 8.7. ಕಂಪ್ಯೂಟರ್ ಹಾಕೋ ಚಿಕ್ಕ ಸಾಕೆಟ್ಟು 6 ಆಂಪ್ಸಿಂದು, ಅಂದ್ರೆ ಕೆಟಲ್ ಒಂದೇ ಅದನ್ನ ಮೀರತ್ತೆ. 750 ವ್ಯಾಟಿನ ಸ್ಯಾಂಡ್‌ವಿಚ್ ಮೇಕರ್ ಆದ್ರೆ ಪರವಾಗಿಲ್ಲ, ಮಿಕ್ಕಿದ್ದೆಲ್ಲ ಗೋಡೆಯ ದೊಡ್ಡ 16 ಆಂಪ್ಸ್ ಪಾಯಿಂಟಿಗೇ ಹಾಕಬೇಕು. ದಪ್ಪ ಪ್ಲಗ್ಗನ್ನ ಚಿಕ್ಕ ಸಾಕೆಟ್ಟಿಗೆ ಸೇರಿಸೋ ಅಡಾಪ್ಟರ್ ಅಂಗಡೀಲಿ ಸಿಗತ್ತೆ ನಿಜ, ಸಾಕೆಟ್ ಒಳಗಿನ ವೈರ್ ಅದ್ರಿಂದ ದಪ್ಪ ಆಗತ್ತಾ?

ಎಕ್ಸ್‌ಟೆನ್ಷನ್ ಬಾಕ್ಸಂತೂ ಬೇಡ. ಟೇಬಲ್ ಕೆಳಗೆ ಅದರ ವೈರ್ ಸುರುಳಿ ಸುತ್ತಿ ಬಿದ್ದಿರತ್ತೆ, ಬಿಸಿ ಹೊರಗೆ ಹೋಗೋಕೆ ಜಾಗ ಇರಲ್ಲ, ಒಂದ್ಕಡೆ ಪ್ರಿಂಟರ್, ಒಂದ್ಕಡೆ ಕೆಟಲ್, ಇನ್ನೊಂದ್ಕಡೆ ಯಾರದ್ದೋ ಮೊಬೈಲ್. ಕರೆಂಟ್ ಎರಡರಷ್ಟಾದ್ರೆ ವೈರಿನ ಬಿಸಿ ನಾಲ್ಕರಷ್ಟಾಗತ್ತೆ, ಇದನ್ನ ಶಾಲೇಲಿ ಓದಿರ್ತೀವಿ, ಆಮೇಲೆ ಮರೀತೀವಿ.

ನಮ್ಮೂರಲ್ಲಿ ಇನ್ನೊಂದು ತೊಂದರೆ ಥಂಡಿ. ಜೂನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರತ್ತೆ, ಸಾಕೆಟ್ ಒಳಗಿನ ಹಿತ್ತಾಳೆಗೆ ಕಿಲುಬು ಹಿಡಿಯತ್ತೆ, ಕಾಂಟ್ಯಾಕ್ಟ್ ಸರಿ ಕೂರದೆ ಅಲ್ಲೇ ಬಿಸಿಯಾಗತ್ತೆ. ಕೆಟಲ್ ಆಫ್ ಮಾಡಿ ಪ್ಲಗ್ ಕಿತ್ತ ಮೇಲೆ ಅದನ್ನ ಮುಟ್ಟಿ ನೋಡಿ, ಸುಡ್ತಿದ್ರೆ, ಪಿನ್ ಕಪ್ಪಾಗಿದ್ರೆ, ಆ ಸಾಕೆಟ್ ಬದಲಾಯಿಸೋವರೆಗೆ ಕಾಫಿ ಬೇಕರಿಯಿಂದ ತರಿಸಿ. ಉದ್ದದ ಮೂರನೇ ಪಿನ್ ಅರ್ತಿಂಗ್‌ಗೆ ಇರೋದು, ಅದನ್ನ ಮುರಿದು ಹಾಕಬೇಡಿ. ಮೀಟರ್ ಬೋರ್ಡಲ್ಲಿ 30 ಮಿಲಿಆಂಪ್ಸಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನಾಗೇ ಲೈನ್ ಕತ್ತರಿಸೋ ಸ್ವಿಚ್) ಇದ್ರೆ ಒಳ್ಳೇದು, ಅದು ಪದೇ ಪದೇ ಬೀಳ್ತಿದ್ರೆ ಅದಕ್ಕೆ ಬೈಯೋ ಬದಲು ಎಲೆಕ್ಟ್ರಿಷಿಯನ್ನ ಕರೆಸಿ.

ಬಳಸುವಾಗ: ಕೆಟಲ್ ಮುಚ್ಚಳ ಸರಿಯಾಗಿ ಹಾಕಿ. ಸಾಮಾನ್ಯ ಕೆಟಲ್ ಆಫ್ ಆಗೋದು ಆವಿ ಒಳಗಿನ ಸ್ವಿಚ್ಚಿಗೆ ತಗುಲಿದಾಗ, ಮುಚ್ಚಳ ತೆಗೆದಿದ್ರೆ ಆವಿ ಮೇಲೆ ಹೋಗತ್ತೆ, ಅದು ಕುದೀತಾನೇ ಇರತ್ತೆ. (ಮಡಿಕೇರಿ ಎತ್ತರದಲ್ಲಿ ನೀರು 96 ಡಿಗ್ರಿ ಆಸುಪಾಸಲ್ಲೇ ಕುದಿಯತ್ತೆ, ಆದ್ರೂ ಸ್ವಿಚ್ ಕೆಲಸ ಮಾಡತ್ತೆ, ಅದಕ್ಕೆ ಬೇಕಿರೋದು ಆವಿ.) ಕೆಟಲ್‌ನಲ್ಲಿ ಹಾಲು ಕಾಯಿಸಬೇಡಿ, ಉಕ್ಕಿ ಬುಡದ ಕನೆಕ್ಷನ್ ಒಳಗೆ ಇಳಿಯತ್ತೆ. ಬೆಲ್ಲದ ಕರಿಕಾಫಿ ಕುಡಿಯೋರಿಗೆ ಆ ರಗಳೆನೇ ಇಲ್ಲ. ಮೈಕ್ರೋವೇವಲ್ಲಿ ಪಂದಿಕರಿ ಬಿಸಿ ಮಾಡೋರು ಸ್ಟೀಲ್ ಡಬ್ಬಿಯಿಂದ ತೆಗೆದು ಗಾಜಿನ ಬೋಗುಣಿಗೆ ಹಾಕ್ಕೊಳ್ಳಿ. ಒದ್ದೆ ಸಾಕ್ಸ್, ರೇನ್‌ಕೋಟ್ ಒಲೆ ಹತ್ರ ಒಣಗಾಕೋರು ಎಲ್ಲ ಆಫೀಸಲ್ಲೂ ಒಬ್ರಿರ್ತಾರೆ, ಅವ್ರಿಗೆ ಬೇರೆ ಹಗ್ಗ ಕಟ್ಟಿಕೊಡಿ.

ಬೆಂಕಿ ಹತ್ತಿದ್ರೆ ನೀರು ಹಾಕಬೇಡಿ, ಮೈನ್ ಆಫ್ ಮಾಡಿ, ಆಮೇಲೆ ಡ್ರೈ ಪೌಡರ್ ಅಥವಾ ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್ ಬಳಸಿ. ಎರಡು ಸಲ ಊದಿ ಆರದಿದ್ರೆ ಹೊರಗೆ ಬಂದು 112ಕ್ಕೆ ಫೋನ್ ಮಾಡಿ.

ಸಂಜೆ ಎಲ್ರಿಗಿಂತ ಕೊನೇಲಿ ಹೊರಡೋರು ಪ್ಲಗ್ ಕೀಳಬೇಕು ಅಂತ ಚೀಟಿ ಅಂಟಿಸಿ ನೋಡಿದ್ವಿ, ಯಾರೂ ಓದಲಿಲ್ಲ, ಅದೂ ಥಂಡಿಗೆ ಉದುರಿಹೋಯ್ತು. ಈಗ ಬಾಗಿಲ ಬೀಗದ ಕೀ ನೇತಾಕೋ ಮೊಳೆಯನ್ನೇ ಕೆಟಲ್ ಸ್ವಿಚ್ ಪಕ್ಕಕ್ಕೆ ಹೊಡೆದಿದ್ದೀವಿ.