ಕಂಪನಿ ವಾಪಸ್ ಪಡೆದ ಕಾರನ್ನು ನಾನು ಕೊಂಡಿದ್ದು

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ. ಅಂಗಳ ಇಳಿಜಾರು, ಕಾರು ನಿಲ್ಲಿಸಿದರೆ ಮೂತಿ ಕೆಳಗಾಗಿಯೇ ನಿಲ್ಲುತ್ತದೆ. ಜೂನ್ ಹಿಡಿದರೆ ತೋಟಕ್ಕೆ ಕೊಳೆಔಷಧಿ ಹೊಡೆಯಲೂ ಹೊಳವಾಗದಂಥ ಮಳೆ. ಇಂಥ ಜಾಗಕ್ಕೆ ಒಳಗೆ ನೀರು ಸೋರಿದ ಇತಿಹಾಸವಿರುವ ಕಾರನ್ನು ಗೊತ್ತಿದ್ದೇ ತಂದೆ. ಹೇಗೆ ತೀರ್ಮಾನ ಮಾಡಿದೆ ಅಂತ ಕೇಳುವವರು ಬಹಳ ಜನ, ಅದಕ್ಕೇ ಬರೆಯುತ್ತಿದ್ದೇನೆ.

ಶಿವಮೊಗ್ಗದಲ್ಲಿ ಒಂದು ಕಂಪನಿಯದೇ ಹಳೇ ಕಾರಿನ ಮಳಿಗೆ. ಎರಡು ವರ್ಷದ ಪೆಟ್ರೋಲ್ ಕಾರು, 17 ಸಾವಿರ ಕಿಲೋಮೀಟರ್ ಓಡಿದೆ, ಬೆಂಗಳೂರು ನೋಂದಣಿ. ಅದೇ ಮಾಡೆಲ್ಲಿಗೆ ಬೇರೆ ಕಡೆ ಒಂಬತ್ತು ಲಕ್ಷದ ಮೇಲೆ ಹೇಳುತ್ತಿದ್ದರು, ಇವರು 7.90. ‘ಒಬ್ಬರೇ ಓಡಿಸಿದ್ದು’ ಅಂದರು. ಆರ್‌ಸಿ ಕಾರ್ಡ್ ನೋಡಿದರೆ ಓನರ್ ಸೀರಿಯಲ್ 2, ಅಂದರೆ ಈಗಿನದು ಎರಡನೇ ಮಾಲೀಕರ ಹೆಸರು. ಯಾಕೆ ಅಂತ ಕೇಳಿದ್ದಕ್ಕೆ, ‘ಬೈಬ್ಯಾಕ್ ಸರ್, ಕಂಪನಿ ಹೆಸರಿಗೆ ಆಗಿದೆ’ ಅಂದರು.

ಬೈಬ್ಯಾಕ್ ಅನ್ನುವುದು ಅಗಲವಾದ ಮಾತು. ಮಾಲೀಕ ಹೊಸ ಕಾರು ಕೊಳ್ಳುವಾಗ ಹಳೆಯದನ್ನು ಬಿಟ್ಟುಹೋದರೂ ಬೈಬ್ಯಾಕ್, ಇಷ್ಟು ವರ್ಷಕ್ಕೆ ಇಷ್ಟು ಬೆಲೆಗೆ ತಗೊಳ್ಳುತ್ತೇವೆ ಅಂತ ಮೊದಲೇ ಒಪ್ಪಿಕೊಂಡಿದ್ದರೂ ಬೈಬ್ಯಾಕ್, ದೋಷ ಸರಿಹೋಗದೆ ಜಗಳವಾಗಿ ದುಡ್ಡು ವಾಪಸ್ ಕೊಟ್ಟರೂ ಬೈಬ್ಯಾಕ್. ಇದು ಮೂರನೆಯದು ಅಂತ ಹೊರಬರಲು ಅರ್ಧ ಗಂಟೆ ಬೇಕಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾರಿನ ದಾಖಲೆ ಮೇಲೆಯೇ ‘ಲೆಮನ್ ಲಾ ಬೈಬ್ಯಾಕ್’ (ದೋಷ ಸರಿಹೋಗದ ಕಾರಿಗಿರುವ ಕಾನೂನಿನಡಿ ವಾಪಸ್ ಪಡೆದದ್ದು) ಅಂತ ಮುದ್ರೆ ಬೀಳುತ್ತದೆ, ಎಡ ಬಾಗಿಲಿನ ಚೌಕಟ್ಟಿಗೆ ಸ್ಟಿಕ್ಕರ್ ಅಂಟುತ್ತದೆ, ಆ ದೋಷಕ್ಕೆ ಒಂದು ವರ್ಷ ತಯಾರಕರೇ ವಾರಂಟಿ ಕೊಡಬೇಕು. ನಮ್ಮ ಆರ್‌ಸಿಯಲ್ಲಿ ಅಂಥ ಗುರುತು ಇಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ದೋಷವಿರುವ ವಸ್ತುವಿಗೆ ಬದಲಿ ಕೊಡಿಸಲು, ಹಣ ವಾಪಸ್ ಕೊಡಿಸಲು ಗ್ರಾಹಕ ಆಯೋಗಕ್ಕೆ ಅಧಿಕಾರ ಇದೆ. ಆದರೆ ಹಾಗೆ ವಾಪಸ್ ಹೋದ ಕಾರು ಮತ್ತೆ ಮಾರಾಟಕ್ಕೆ ನಿಂತಾಗ ಕೊಳ್ಳುವವನಿಗೆ ಅದು ಗೊತ್ತಾಗುವ ದಾರಿ, ಅವನು ಕೇಳಿದರೆ ಮಾತ್ರ. ಇದು ಸರಿಯಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಹಾಗಾಗಿ ಕೇಳಿದೆ. ಚಾಸಿ ನಂಬರಿನ ಮೇಲೆ ಎಲ್ಲ ಜಾಬ್ ಕಾರ್ಡಿನ ಪ್ರಿಂಟ್ ಕೊಡಿ, ಇಲ್ಲದಿದ್ದರೆ ಮುಂದಿನ ಮಾತಿಲ್ಲ ಅಂದೆ. ಜಾಬ್ ಕಾರ್ಡ್ ಅಂದರೆ ಕಾರು ಸರ್ವಿಸಿಗೆ ಬಂದಾಗಿನ ದೂರು, ಮಾಡಿದ ಕೆಲಸ ಬರೆಯುವ ಹಾಳೆ; ಅಂಥವು ನಾಲ್ಕು ಸಿಕ್ಕವು. ಮೊದಲನೆಯದರಲ್ಲಿ ‘ಎಡ ಮುಂಭಾಗದ ಮ್ಯಾಟ್ ಒದ್ದೆ’, ಎಸಿ ಡ್ರೈನ್ ಪೈಪ್ ಸ್ವಚ್ಛ ಮಾಡಿದ್ದರು. ಎರಡನೆಯದೂ ಅದೇ ದೂರು, ಅದೇ ಕೆಲಸ. ಮೂರನೆಯದರಲ್ಲಿ ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಹಾಳೆ ಬದಲಿಸಿದ್ದರು. ಮಾಲೀಕನ ತಾಳ್ಮೆ ಅಲ್ಲಿಗೆ ಮುಗಿದಿದೆ. ನಾಲ್ಕನೆಯದು ಕಂಪನಿ ವಾಪಸ್ ತಗೊಂಡ ಮೇಲಿನದು: ಸನ್‌ರೂಫಿನ (ಚಾವಣಿಯಲ್ಲಿ ತೆರೆಯುವ ಗಾಜಿನ) ಸುತ್ತ ಬಿದ್ದ ನೀರನ್ನು ಕೆಳಗಿಳಿಸುವ ಎಡ ಡ್ರೈನ್ ಟ್ಯೂಬ್, ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ಕಳಚಿಕೊಂಡಿತ್ತು, ಟ್ಯೂಬೂ ಕಾರ್ಪೆಟ್ಟಿನ ಫೋಮೂ ಬದಲಿಸಲಾಗಿದೆ. ಈ ನಾಲ್ಕನೇ ಹಾಳೆ ಓದಿದ ಮೇಲೇ ನನಗೆ ಧೈರ್ಯ ಬಂದಿದ್ದು. ‘ದೋಷ ಕಂಡುಬಂದಿಲ್ಲ’ ಅಂತ ಕೊನೆಯಾಗಿದ್ದರೆ ಆರು ಲಕ್ಷಕ್ಕೆ ಕೊಟ್ಟರೂ ಬೇಡ ಅನ್ನುತ್ತಿದ್ದೆ. ಮೂಲ ಸಿಗದ ರಿಪೇರಿ ರಿಪೇರಿಯೇ ಅಲ್ಲ.

ಆಮೇಲೆ ಪರಿಚಯದ ಎಲೆಕ್ಟ್ರಿಷಿಯನ್‌ನ ಕರೆದುಕೊಂಡು ಹೋದೆ. ಎಡ ಸೀಟು ಪೂರ್ತಿ ಹಿಂದಕ್ಕೆ ತಳ್ಳಿ, ಬಾಗಿಲಿನ ಕೆಳಗಿನ ಹೊಸ್ತಿಲ ಪಟ್ಟಿ ಬಿಚ್ಚಿ, ಕಾರ್ಪೆಟ್ ಎತ್ತಿ ಫೋಮನ್ನು ಮುಷ್ಟಿಯಲ್ಲಿ ಹಿಂಡಿದೆವು. ಒಣಗಿತ್ತು, ಹೊಸ ಫೋಮಿನ ವಾಸನೆ. ಸೀಟಿನ ನಾಲ್ಕು ಬೋಲ್ಟಿನಲ್ಲಿ ಒಂದಕ್ಕೆ ಕಂದು ತುಕ್ಕಿನ ಉಂಗುರ ಇತ್ತು, ಉಗುರಲ್ಲಿ ಕೆರೆದರೆ ಉದುರಿತು. ಅಡಿಯ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು, ಅದನ್ನು ಅಲ್ಲಾಡಿಸಬೇಡ ಅಂದ ಅವನು ಟಾರ್ಚ್ ಹಿಡಿದು ಪಕ್ಕದ ಪ್ಲಗ್ಗುಗಳನ್ನಷ್ಟೇ ನೋಡಿದ. ಪಿನ್ನುಗಳಿಗೆ ಹಸಿರು ಕಿಲುಬು ಹತ್ತಿರಲಿಲ್ಲ. ಪ್ರವಾಹದಲ್ಲಿ ಮುಳುಗಿದ ಕಾರಲ್ಲ ಅಂತ ಖಾತ್ರಿಯಾಗಲು ನಾಲ್ಕೂ ಸೀಟ್ ಬೆಲ್ಟ್ ಕೊನೆತನಕ ಎಳೆದು ಕೆಸರಿನ ಗೆರೆ ಹುಡುಕಿದೆವು, ಸ್ಟೆಪ್ನಿ ಗುಂಡಿಗೂ ಕೈ ಹಾಕಿದೆವು.

ನಿಜವಾದ ಪರೀಕ್ಷೆ ಬೇರೆ. ಸಮತಟ್ಟಾದ ಮಳಿಗೆಯ ನೆಲದ ಮೇಲೆ ನೀರು ಹಾಯಿಸಿ ‘ಸೋರಲ್ಲ’ ಅಂದರೆ ನಮ್ಮ ಅಂಗಳಕ್ಕೆ ಅದು ಸಾಕಾಗುವುದಿಲ್ಲ. ಅವರ ಒಬ್ಬ ಹುಡುಗನನ್ನೇ ಜೊತೆಗಿಟ್ಟುಕೊಂಡು ಜುಲೈನ ಒಂದು ಬೆಳಿಗ್ಗೆ ಮಂಡಗದ್ದೆ, ತೀರ್ಥಹಳ್ಳಿ ದಾಟಿ ಆಗುಂಬೆಗೆ ಹೋದೆವು. ಅಲ್ಲಿಂದ ಸೋಮೇಶ್ವರಕ್ಕೆ 14 ತಿರುವು ಇಳಿಯುವಾಗ ಚಾವಣಿಯ ನೀರೆಲ್ಲ ಮುಂದಕ್ಕೆ, ಆ ಟ್ಯೂಬಿನ ಬಾಯಿಗೇ ನುಗ್ಗುತ್ತದೆ. ವಾಪಸ್ ಹತ್ತಿ, ನಮ್ಮ ಮನೆಯ ಇಳಿಜಾರಿನಲ್ಲಿ ಒಂದು ಗಂಟೆ ನಿಲ್ಲಿಸಿದೆ. ಮಳೆ ಸ್ವಲ್ಪ ಬಿಟ್ಟಾಗ ಸನ್‌ರೂಫ್ ತೆರೆದು ಎಡ ಮೂಲೆಯ ಕಾಲುವೆಗೆ ಒಂದು ಲೀಟರ್ ನೀರು ನಿಧಾನ ಹುಯ್ದೆ. ಮುಂದಿನ ಚಕ್ರದ ಹಿಂದೆ ದಾರವಾಗಿ ಇಳಿಯಿತು. ಒಳಗೆ ಹೊಸ್ತಿಲ ಪಕ್ಕ ಹಳೇ ಪತ್ರಿಕೆ ತುರುಕಿಟ್ಟಿದ್ದೆ, ತೆಗೆದು ನೋಡಿದರೆ ಗರಿಗರಿ.

ಉಳಿದದ್ದು ಕಾಗದದ ಕೆಲಸ. ಈ ಕಾರನ್ನು ನೀರು ಸೋರುವ ದೂರಿನ ಮೇಲೆ ವಾಪಸ್ ಪಡೆಯಲಾಗಿದೆ, ಅದೇ ದೋಷ ಒಂದು ವರ್ಷದೊಳಗೆ ಮರುಕಳಿಸಿದರೆ ಖರ್ಚಿಲ್ಲದೆ ಸರಿಮಾಡಿಕೊಡುತ್ತೇವೆ ಅಂತ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಂಡೆ. ಬಾಯಿಮಾತು ಸಾಕು ಅಂದರು, ನಾನು ಒಪ್ಪಲಿಲ್ಲ, ಎರಡು ದಿನ ಕಾಯ್ದೆ. ಕಂಪನಿ ವಾರಂಟಿ ಇನ್ನೂ ಹತ್ತು ತಿಂಗಳಿದೆ ಅನ್ನುವುದನ್ನು ಬೇರೆ ಸರ್ವಿಸ್ ಸೆಂಟರಿನಲ್ಲಿ ಚಾಸಿ ನಂಬರ್ ಕೊಟ್ಟು ನೋಡಿಸಿದೆ. ಬೆಲೆ 7.35ಕ್ಕೆ ನಿಂತಿತು, ಮುಂದೆ ನಾನು ಮಾರುವಾಗಲೂ ಈ ಕಥೆ ಹೇಳಲೇಬೇಕು, ಆ ನಷ್ಟ ಈಗಲೇ ಕಳೆಯಿರಿ ಅಂತ ವಾದಿಸಿದ್ದೆ. ಇನ್ಶೂರೆನ್ಸ್ 14 ದಿನದೊಳಗೆ ನನ್ನ ಹೆಸರಿಗೆ ಮಾಡಿಸಿದೆ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಕಂತಿನಲ್ಲಿ ಸಿಗುವ ರಿಯಾಯಿತಿ) ಕಾರಿನ ಜೊತೆ ಬರುವುದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಈಗ ಎರಡನೇ ಮಳೆಗಾಲ. ಆಗಸ್ಟಿನಲ್ಲಿ ಒಮ್ಮೆ ಮ್ಯಾಟಿನಡಿ ಕೈಗೆ ತಣ್ಣಗೆ ತಾಗಿ ಎದೆ ಧಸಕ್ಕೆಂದಿತ್ತು. ಹಲಸಿನ ಮರದಡಿ ನಿಲ್ಲಿಸುತ್ತಿದ್ದೆ, ಕೊಳೆತ ಎಲೆಚೂರು ಕಾಲುವೆಯ ಬಾಯಿ ಕಟ್ಟಿತ್ತು. ತೆಗೆದ ಮೇಲೆ ನೀರು ಮತ್ತೆ ಚಕ್ರದ ಹಿಂದೆಯೇ ಇಳಿಯಿತು. ಅಂದಿನಿಂದ ಕಾರು ಕೊಟ್ಟಿಗೆಯ ಪಕ್ಕದ ಶೀಟಿನಡಿ ನಿಲ್ಲುತ್ತಿದೆ.