ಪೋಲೆಂಡಿನ ಕಮ್ಯುನಿಸ್ಟ್ ಕಾಲದ ನೋಟುಗಳು: ಬೆಲೆಗಿಂತ ಮೊದಲು ದಿನಾಂಕ ನೋಡಿ

ಈ ಸಂಗ್ರಹಕ್ಕೆ ಕೈಹಾಕುವವರು ಮೊದಲು ನೋಡಬೇಕಾದದ್ದು ನೋಟಿನ ಮುಖಬೆಲೆಯನ್ನಲ್ಲ, ಅದರ ಮೇಲೆ ಅಚ್ಚಾದ ದಿನಾಂಕವನ್ನು. ಅದೇ ಚಿತ್ರದ 100 ಜ್ಲೋಟಿ (ಪೋಲೆಂಡಿನ ಹಣ) ನೋಟು 1975ರ ಜನವರಿ 15ರಿಂದ ಹಿಡಿದು 1988ರ ಡಿಸೆಂಬರ್ 1ರವರೆಗೆ ಹಲವು ದಿನಾಂಕಗಳಲ್ಲಿ ಬಂದಿದೆ. 1988ರದ್ದು ಗರಿಗರಿಯಾಗಿಯೇ ಅಗ್ಗಕ್ಕೆ ಸಿಗುತ್ತದೆ. ಎಪ್ಪತ್ತರ ದಶಕದ್ದು ಅದೇ ಸ್ಥಿತಿಯಲ್ಲಿ ಬೇಕೆಂದರೆ ಹುಡುಕಬೇಕು, ಹೆಚ್ಚು ಕೊಡಬೇಕು.

ದಿನಾಂಕ ಎಂದರೆ ಚಲಾವಣೆಗೆ ಬಂದ ದಿನ ಎಂದುಕೊಳ್ಳಬೇಡಿ. 1948ರ ಜುಲೈ 1 ಎಂದು ಬರೆದಿರುವ ನೋಟುಗಳು ಜನರ ಕೈಗೆ ಬಂದದ್ದು 1950ರ ಅಕ್ಟೋಬರ್ 30ರಂದು. ಅದಕ್ಕೆ ಎರಡೇ ದಿನ ಮೊದಲು, ಒಂದು ಶನಿವಾರ, ಹಣ ಬದಲಾವಣೆಯ ಕಾನೂನು ಬಂದಿತ್ತು. ಸಂಬಳ ಮತ್ತು ಬೆಲೆಗಳಿಗೆ 100 ಹಳೆಯ ಜ್ಲೋಟಿಗೆ 3 ಹೊಸದು. ಮನೆಯಲ್ಲಿಟ್ಟ ನಗದಿಗೆ ಮಾತ್ರ 100ಕ್ಕೆ 1. ಅಂದರೆ ನಗದು ಕೂಡಿಟ್ಟವರ ಉಳಿತಾಯದಲ್ಲಿ ಮೂರರಲ್ಲಿ ಎರಡು ಪಾಲು ಒಂದೇ ವಾರಾಂತ್ಯದಲ್ಲಿ ಹೋಯಿತು. ಆ ಸರಣಿಯ 50ರ ಮೇಲೆ ಮೀನುಗಾರ, 100ರ ಮೇಲೆ ಕಾರ್ಮಿಕ, 500ರ ಮೇಲೆ ಗಣಿ ಕೆಲಸಗಾರ ಇದ್ದಾರೆ, ಯಾರಿಗೂ ಹೆಸರಿಲ್ಲ. ಈ ಹಿನ್ನೆಲೆ ತಿಳಿದು ನೋಡಿದರೆ ಆ ಮುಖಗಳು ಬೇರೆಯೇ ಕಾಣುತ್ತವೆ.

ಅದಕ್ಕೂ ಹಿಂದಿನ 1944ರ ನೋಟುಗಳು ಮಾಸ್ಕೋದಲ್ಲಿ ಅಚ್ಚಾದವು. ಇವುಗಳಲ್ಲಿ ಭೂತಗನ್ನಡಿ ಹಿಡಿದು ಓದಬೇಕಾದ ಒಂದು ಪದವಿದೆ: ‘ಕಡ್ಡಾಯ’ ಎಂಬ ಅರ್ಥದ ಪೋಲಿಷ್ ಪದ. ಅದು ವೈ, ಎಂ (ym) ಅಕ್ಷರಗಳಿಂದ ಮುಗಿದರೆ ರಷ್ಯನ್ ವ್ಯಾಕರಣದ ನೆರಳು ಬಿದ್ದ ಮೊದಲ ಮುದ್ರಣ. ಇ (e) ಅಕ್ಷರದಿಂದ ಮುಗಿದರೆ ಆಮೇಲೆ ತಿದ್ದಿದ್ದು. ಎರಡನ್ನೂ ಬೇರೆ ಬೇರೆ ನೋಟುಗಳೆಂದೇ ಲೆಕ್ಕ ಹಿಡಿಯಿರಿ. ಇವೇ ನೋಟುಗಳನ್ನು 1974ರಲ್ಲಿ ಸ್ಮಾರಕವಾಗಿ ಮರುಮುದ್ರಿಸಲಾಯಿತು, ಹಾಗೆಂದು ನೋಟಿನ ಮೇಲೇ ಬರೆದಿದೆ. ಆ ಬರಹವನ್ನು ಕೆರೆದು ಹಳೆಯದೆಂದು ಮಾರುವವರಿರಬಹುದು. ಬೆಳಕಿಗೆ ಹಿಡಿದರೆ ಕೆರೆದ ಜಾಗ ತೆಳುವಾಗಿ ಕಾಣುತ್ತದೆ.

ಹೊಸಬರು ಶುರು ಮಾಡಬೇಕಾದದ್ದು ಆಂಜೆಯ್ ಹೈಡ್ರಿಖ್ ವಿನ್ಯಾಸದ ‘ಮಹಾನ್ ಪೋಲರು’ ಸರಣಿಯಿಂದ. 50ರ ಮೇಲೆ ಸ್ಪೇನ್ ಯುದ್ಧದಲ್ಲಿ ಹೋರಾಡಿದ ಜನರಲ್ ಷ್ವೆರ್ಚೆವ್‌ಸ್ಕಿ, 100ರ ಮೇಲೆ ಸಮಾಜವಾದಿ ವಾರಿನ್‌ಸ್ಕಿ, 200ರ ಮೇಲೆ ಪ್ಯಾರಿಸ್ ಕಮ್ಯೂನ್ ಎಂಬ ಕಾರ್ಮಿಕರ ದಂಗೆಯಲ್ಲಿ ಮಡಿದ ದೊಂಬ್ರೋವ್‌ಸ್ಕಿ. ಸರ್ಕಾರ ಯಾರನ್ನು ಪೂರ್ವಜರೆಂದು ತೋರಿಸಲು ಬಯಸಿತ್ತು ಎಂಬುದು ಈ ಮೂರರಲ್ಲೇ ಇದೆ. 500ಕ್ಕೆ ಸ್ವಾತಂತ್ರ್ಯ ಹೋರಾಟಗಾರ ಕೊಶ್ಚ್ಯುಷ್ಕೊ, 1000ಕ್ಕೆ ಕೊಪರ್ನಿಕಸ್, 1982ರಲ್ಲಿ 5000ಕ್ಕೆ ಸಂಗೀತಗಾರ ಶೋಪೆನ್. ಆಮೇಲೆ ಹಣದುಬ್ಬರ ಏರಿದಂತೆ ಸೊನ್ನೆಗಳೂ ಏರಿದವು: 1987ರಲ್ಲಿ 10000, 1989ರಲ್ಲಿ ಮೇರಿ ಕ್ಯೂರಿಯ 20000. 1989ರ ಕೊನೆಯಲ್ಲಿ ಸಂವಿಧಾನ ತಿದ್ದಿದಾಗ ಲಾಂಛನದ ಹದ್ದಿಗೆ ಕಿರೀಟ ಮರಳಿತು. ಕಿರೀಟವಿರುವ ಹದ್ದು ಕಂಡರೆ ಆ ನೋಟು ನಿಮ್ಮ ಸಂಗ್ರಹದ ಗಡಿಯ ಆಚೆಯದು.

1995ರಲ್ಲಿ ಹೊಸ ಜ್ಲೋಟಿ ಬರುವ ಮೊದಲಿನ ಹಳೆಯ ಜ್ಲೋಟಿಯನ್ನು ಬ್ಯಾಂಕಿನಲ್ಲಿ ಬದಲಿಸುವ ಅವಕಾಶ 2010ರ ಡಿಸೆಂಬರ್ 31ಕ್ಕೆ ಮುಗಿದಿದೆ. ಈಗಿರುವುದು ಸಂಗ್ರಾಹಕರು ಕೊಡುವ ಬೆಲೆ ಮಾತ್ರ, ಅದು ನಿಂತಿರುವುದು ಸ್ಥಿತಿಯ ಮೇಲೆ. ಪೋಲೆಂಡಿನ ವ್ಯಾಪಾರಿಗಳು ಸ್ಥಿತಿಯನ್ನು ರೋಮನ್ ಅಂಕಿಗಳಲ್ಲಿ ಬರೆಯುತ್ತಾರೆ. ಒಂದು ಎಂದರೆ ಕೈ ಬದಲಾಗದ ನೋಟು.

ಮೋಸ ಹೆಚ್ಚು ನಡೆಯುವುದು ಇಸ್ತ್ರಿ ಮಾಡಿದ, ತೊಳೆದ ನೋಟುಗಳಲ್ಲಿ. ಟಾರ್ಚನ್ನು ನೋಟಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಬೆಳಕು ಬಿಡಿ: ಒತ್ತಿ ಮರೆಸಿದ ಮಡಿಕೆ ಗೆರೆಯಾಗಿ ಎದ್ದು ಕಾಣುತ್ತದೆ. ಅತಿನೇರಳೆ ದೀಪದಡಿ ಕಾಗದ ನೀಲಿಯಾಗಿ ಹೊಳೆದರೆ ಸೋಪಿನ ಪುಡಿಯಲ್ಲಿ ತೊಳೆದಿರಬಹುದು. ಅದೇ ದಿನಾಂಕದ, ನಂಬಿಕೆಯ ಇನ್ನೊಂದು ನೋಟನ್ನು ಪಕ್ಕದಲ್ಲಿಟ್ಟು ಹೋಲಿಸಿಯೇ ತೀರ್ಮಾನಿಸಿ. ಕೆಂಪಕ್ಷರದ ‘ವ್ಜೂರ್’ ಮುದ್ರೆ ಇದ್ದು ಸಂಖ್ಯೆಯೆಲ್ಲ ಸೊನ್ನೆಯಾಗಿದ್ದರೆ ಅದು ಮಾದರಿ ನೋಟು, ದೋಷದ ಮುದ್ರಣವಲ್ಲ.

ಪಿವಿಸಿ ಕವರ್ ಬೇಡವೇ ಬೇಡ. ಅದರಿಂದ ಹೊರಬರುವ ರಾಸಾಯನಿಕ ಕಾಗದಕ್ಕೆ ಅಂಟಿ ಕಲೆ ಮಾಡುತ್ತದೆ. ಪಾಲಿಯೆಸ್ಟರ್ ಕವರ್ ಕೊಳ್ಳಿ, ಒಂದರಲ್ಲಿ ಒಂದೇ ನೋಟು ಇಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಆಲ್ಬಮ್ಮನ್ನು ಗೋಡೆಗೆ ತಾಗದ ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ತಿಂಗಳಿಗೊಮ್ಮೆ ತೆರೆದು ಬೂಷ್ಟು ಹಿಡಿದಿದೆಯೇ ನೋಡಿ. ಹರಿದಿದ್ದರೂ ಸೆಲ್ಲೋಟೇಪ್ ಹಚ್ಚಬೇಡಿ.